ಉರುಲು ಪದಗಳು

ಜನವರಿ ೮, ಸೋಮವಾರ

ಇವತ್ತು ಬೆಳಿಗ್ಗೆ ಅವನ ಕೋಣೆಯ ಬಾಗಿಲಿಗೆ ಹಿತ್ತಾಳೆಯ ನಾಮಫಲಕ ಹೊಡೆದರು. ಬಡಗಿ ಪೆನ್ಸಿಲಿನಲ್ಲಿ ಗುರುತು ಹಾಕುವಾಗ ಅವನೇ ಪಕ್ಕದಲ್ಲಿ ನಿಂತು, “ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ” ಅನ್ನುತ್ತಿದ್ದ. ಅದಕ್ಕಿಂತ ಮೇಲೆ ಹೋಗಿದ್ದರೆ ಓದುವವರಿಗೆ ಏಣಿ ಕೊಡಬೇಕಾಗುತ್ತಿತ್ತು. ಈ ಡೈರಿಯಲ್ಲಿ ಇನ್ನು ಅವನನ್ನು ನಾಮಫಲಕ ಎಂದೇ ಬರೆಯುತ್ತೇನೆ. ಅವನ ನಿಜವಾದ ಹೆಸರಿಗೆ ನನ್ನ ಶಾಯಿ ಖರ್ಚು ಮಾಡುವುದಿಲ್ಲ.

ಆಮೇಲೆ ಯಜಮಾನರು ಎಲ್ಲರನ್ನೂ ಕರೆದರು. ನಮ್ಮ ಪ್ರಕಾಶನದ ‘ಅಪರೂಪದ ಇಂಗ್ಲಿಷ್ ಪದಗಳ ಕೋಶ’ ಮಾರ್ಚ್‌ನಲ್ಲಿ ಹೊರಬರುತ್ತದೆ. ಇಂಗ್ಲಿಷಿನವರೇ ಮರೆತು ಕೂತಿರುವ ಪದಗಳು, ಅವಕ್ಕೆ ನಮ್ಮ ಭಾಷೆಯಲ್ಲಿ ಅರ್ಥ. ಇಪ್ಪತ್ತು ವರ್ಷ ನಾನು ಕೂತು ಪದಕ್ಕೊಂದರಂತೆ ಚೀಟಿ ಬರೆದ ಕೆಲಸ. ಶೀರ್ಷಿಕೆ ಪುಟದಲ್ಲಿ ಹೆಸರು ಮಾತ್ರ ಒಂದೇ ಇರುತ್ತದಂತೆ, ಪ್ರಧಾನ ಸಂಪಾದಕರದು. ಅಂದರೆ ನಾಮಫಲಕನದು. ನನ್ನ ಹೆಸರು ಕೊನೆಯ ಪುಟದ ಕೃತಜ್ಞತೆಗಳಲ್ಲಿ, ಕಾಗದ ಸರಬರಾಜು ಮಾಡಿದವರ ಪಕ್ಕದಲ್ಲಿ.

“ಹೆಸರು ಒಂದೇ ಇದ್ರೆ ಪುಸ್ತಕಕ್ಕೆ ತೂಕ,” ಅಂದರು ಯಜಮಾನರು. ನಾಮಫಲಕ ತಲೆಯೆತ್ತದೆ ಮೇಜಿನ ಮೇಲಿದ್ದ ಗುಂಡುಪಿನ್ನುಗಳನ್ನು ನೋಡುತ್ತಿದ್ದ.

ಈ ಕೆಲಸಕ್ಕೆ ಬಂದಾಗ ಅವನಿಗೆ ಚೀಟಿಯ ಯಾವ ಮೂಲೆಯಲ್ಲಿ ಏನು ಬರೆಯಬೇಕೆಂದೇ ಗೊತ್ತಿರಲಿಲ್ಲ. ನಾನು ಕಲಿಸಿದೆ. ಆಗ ಅಕ್ಕಾ ಅಕ್ಕಾ ಎಂದು ನನ್ನ ಹಿಂದೆಯೇ ತಿರುಗುತ್ತಿದ್ದ. ಹೋದ ವರ್ಷ ನಮ್ಮ ದೊಡ್ಡವರು, ಅಂದರೆ ಹಳೆಯ ಸಂಪಾದಕರು, ತೀರಿಕೊಂಡ ಮೇಲೆ ಕುರ್ಚಿ ಅವನಿಗೆ ಸಿಕ್ಕಿತು. ಮಾರನೆಯ ದಿನದಿಂದ ನಾನು ಮೇಡಂ. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಅವನದು.

ಬಿಡುವುದಿಲ್ಲ. ನಾಳೆ ಮನಸ್ಸು ಮೆತ್ತಗಾದರೆ ತಿರುಗಿ ಓದಲಿಕ್ಕಿರಲಿ ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ಜನವರಿ ೯, ಮಂಗಳವಾರ

ಅತ್ತೆಗೆ ಹೇಳಿದೆ. ನನ್ನ ಗಂಡ ಬೇಗ ಹೋದರು, ಅತ್ತೆ ಉಳಿದರು. ಮನೆಯೆಂದ ಮೇಲೆ ಜಗಳಕ್ಕೆ ಒಂದು ಜನ ಬೇಕಲ್ಲ. ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಪೂರ್ತಿ ಕೇಳಿದರು.

“ಹಾವಿಗೆ ಹಾಲು ಹಾಕಿದ್ದು ನೀನು. ಈಗ ಕಚ್ತು ಅಂತ ಹಾವಿನ ಮೇಲೆ ಯಾಕೆ ಸಿಟ್ಟು?”

“ಮತ್ತೆ ಹಾಲಿನ ಮೇಲೆ ಸಿಟ್ಟು ಮಾಡ್ಕೊಳ್ಲಾ?”

“ನೇರ ಹೋಗಿ ಕೇಳು. ‘ನನ್ನ ಹೆಸರು ಎಲ್ಲಪ್ಪಾ’ ಅಂತ. ಬಾಯಿ ಇದ್ದೋರು ಬದುಕ್ತಾರೆ.”

ಕೇಳುವುದಿಲ್ಲ. ಇಪ್ಪತ್ತು ವರ್ಷ ದುಡಿದು ಕೊನೆಗೆ ಕೈಯೊಡ್ಡುವುದೆಂದರೆ ನನಗೆ ಸಾಯುವಷ್ಟು ಅವಮಾನ.

ಇಡೀ ದಿನ ಚೀಟಿಯ ಪೆಟ್ಟಿಗೆಗಳಲ್ಲಿ ಅವನಿಗೆ ಹೊಂದುವ ಪದ ಹುಡುಕಿದೆ. ಸ್ನಾಲಿಗಾಸ್ಟರ್: ನಿಯತ್ತಿಲ್ಲದ ಚಾಲಾಕಿ. ಅಲ್ಟ್ರಾಕ್ರೆಪಿಡೇರಿಯನ್: ತನಗೆ ಗೊತ್ತಿಲ್ಲದ ವಿಷಯದಲ್ಲೂ ಅಭಿಪ್ರಾಯ ಕೊಡುವವನು. ಫಡ್ಜೆಲ್: ಕೆಲಸ ಮಾಡದೆ ಮಾಡುತ್ತಿರುವಂತೆ ನಟಿಸುವುದು. ಮಂಪ್ಸಿಮಸ್: ತಪ್ಪೆಂದು ತೋರಿಸಿಕೊಟ್ಟರೂ ಬಿಡದವನು. ಇದಕ್ಕೆ ನಾನು ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು’ ಎಂದು ಬರೆದಿದ್ದೆ. ದೊಡ್ಡವರು ಓದಿ ಬೆನ್ನು ತಟ್ಟಿದ್ದರು. ಎಲ್ಲ ಒಳ್ಳೆಯ ಬೈಗುಳಗಳೇ. ಆದರೆ ಯಾವುದೂ ಅವನ ಅಳತೆಗೆ ಹೊಲಿದದ್ದಲ್ಲ.

ಜನವರಿ ೧೨, ಶುಕ್ರವಾರ

ಹಾದಿ ಸಿಕ್ಕಿತು. ಅವನೇ ತೋರಿಸಿಕೊಟ್ಟ.

ಕೋಶದ ಕೆಲಸದಲ್ಲಿ ಒಂದು ಹಳೆಯ ಪದ್ಧತಿಯಿದೆ. ಸಾವಿರಾರು ನಿಜವಾದ ಪದಗಳ ನಡುವೆ ನಾವೇ ಹುಟ್ಟಿಸಿದ ಒಂದು ಸುಳ್ಳು ಪದವನ್ನು ಸೇರಿಸುತ್ತೇವೆ. ಯಾರಾದರೂ ನಮ್ಮ ಕೋಶವನ್ನು ಕದ್ದು ಅಚ್ಚುಹಾಕಿದರೆ ಆ ಪದವೂ ಅವರ ಪುಸ್ತಕಕ್ಕೆ ಹೋಗಿ ಕಳ್ಳ ಸಿಕ್ಕಿಬೀಳುತ್ತಾನೆ. ದೊಡ್ಡವರು ಅದನ್ನು ಉರುಲು ಪದ ಅನ್ನುತ್ತಿದ್ದರು. ಒಂದು ಕೋಶಕ್ಕೆ ಒಂದೇ ಉರುಲು. ಅದು ಯಾವುದೆಂದು ಹುಟ್ಟಿಸಿದವರಿಗೂ ಸಂಪಾದಕರಿಗೂ ಬಿಟ್ಟರೆ ಯಜಮಾನರಿಗೂ ಗೊತ್ತಿರುವುದಿಲ್ಲ.

ಇವತ್ತು ನಾಮಫಲಕ ಕೋಣೆಗೆ ಕರೆದ.

“ಮೇಡಂ, ಉರುಲು ಒಂದು ಆಗ್ಬೇಕಲ್ಲ. ನೀವೇ ಮಾಡ್ಬಿಡಿ. ನೀವು ಚೆನ್ನಾಗಿ ಮಾಡ್ತೀರ. ಚೆನ್ನಾಗಿ ಮಾಡ್ತೀರ.” ಎಲ್ಲವನ್ನೂ ಎರಡು ಸಲ ಹೇಳುವುದು ಅವನ ಚಾಳಿ.

“ಒಂದು ಸಾಕಾ?”

“ಒಂದೇ ಅಲ್ವಾ ಪದ್ಧತಿ?”

“ಹೌದು, ಒಂದೇ,” ಅಂದೆ.

ಒಂದಲ್ಲ, ಹನ್ನೆರಡು ಮಾಡುತ್ತೇನೆ. ಒಂದನ್ನು ತೋರಿಸಿ ಹನ್ನೊಂದನ್ನು ಬಚ್ಚಿಡುತ್ತೇನೆ. ಚೀಟಿಗಳನ್ನು ಅವನು ಓದುವುದೇನೋ ಹೌದು, ಆದರೆ ನನ್ನ ಅಕ್ಷರ ಕಂಡರೆ ಮೂಲ ತೆಗೆದು ತಾಳೆ ನೋಡದೆ ಸಹಿ ಹಾಕುತ್ತಾನೆ. ಪುಸ್ತಕ ಬಿಡುಗಡೆಯಾಗಿ, ಭಾಷಣ ಚಪ್ಪಾಳೆ ಎಲ್ಲ ಮುಗಿದ ಮೇಲೆ, ಪತ್ರಿಕೆಗೆ ಸುದ್ದಿ ಕೊಡುತ್ತೇನೆ: ಈ ಸಂಪಾದಕರಿಗೆ ಇಂಗ್ಲಿಷಿನಲ್ಲಿ ಯಾವ ಪದ ಇದೆ ಯಾವುದು ಇಲ್ಲ ಎಂಬುದೇ ಗೊತ್ತಿಲ್ಲ. ಹೆಸರು ಒಂದೇ ಇದ್ದರೆ ತೂಕ ಅಂದರಲ್ಲ. ಮಾನ ಹೋಗುವಾಗಲೂ ಒಂದೇ ಹೆಸರಿನದು ಹೋಗಲಿ.

ಇನ್ನೊಂದು ಸಂತೋಷವೂ ಇದೆ. ಹನ್ನೊಂದು ಪದಗಳ ಅರ್ಥವೂ ಅವನೇ ಆಗಿರುತ್ತಾನೆ. ತನ್ನ ಹೆಸರಿನ ಪುಸ್ತಕದಲ್ಲಿ ತನ್ನ ಮೇಲಿನ ಬೈಗುಳಕ್ಕೆ ತಾನೇ ಸಹಿ ಹಾಕಬೇಕು. ಮನೆಗೆ ಬರುವಾಗ ಮೆಟ್ಟಿಲುಗಳನ್ನು ಹುಡುಗಿಯ ಹಾಗೆ ಹತ್ತಿದೆ.

ಜನವರಿ ೧೫, ಸೋಮವಾರ

ಮೊದಲನೆಯದು ಆಯಿತು. ಲಾರಿಕ್ಲೆಪ್ಟ್, ನಾಮಪದ: ಇನ್ನೊಬ್ಬರ ದುಡಿಮೆಗೆ ನಾಚಿಕೆಯಿಲ್ಲದೆ ತನ್ನ ಹೆಸರು ಅಂಟಿಸಿಕೊಳ್ಳುವವನು. ಮುನ್ನೂರು ವರ್ಷ ಹಿಂದಿನ ಒಂದು ಸುಳ್ಳು ಬಳಕೆಯನ್ನೂ ಸೇರಿಸಿದೆ.

ಅತ್ತೆಗೆ ಓದಿ ಹೇಳಿದರೆ, “ಲಾರಿ ಕದ್ದೋನಾ?” ಅಂದರು. ಇಂಥವರ ಜೊತೆ ಸೇಡಿನ ಸುಖವನ್ನು ಹಂಚಿಕೊಳ್ಳುವುದು ಹೇಗೆ.

ಜನವರಿ ೧೬, ಮಂಗಳವಾರ

ಎಪಿಕ್ಯಾರಿಕಸಿ: ಇನ್ನೊಬ್ಬರ ಕೇಡು ಕಂಡು ಪಡುವ ಸುಖ. ಇದು ನಿಜವಾದ ಪದ. ಕೇಡು ಇನ್ನೂ ಬಂದಿಲ್ಲ, ಸುಖ ಮಾತ್ರ ಈಗಾಗಲೇ ಶುರುವಾಗಿದೆ.

ಜನವರಿ ೨೨, ಸೋಮವಾರ

ಐದು ಮಾಡಿ ಐದನ್ನೂ ಹರಿದುಹಾಕಿದೆ. ‘ಅಯೋಗ್ಯ’, ‘ಜಂಬಗಾರ’, ‘ಬೆನ್ನಿಗೆ ಇರಿಯುವವನು’. ಇಂಥ ಅರ್ಥಗಳಿಗೆ ಪ್ರತಿ ಭಾಷೆಯಲ್ಲೂ ಡಜನ್ನುಗಟ್ಟಲೆ ಪದಗಳಿವೆ, ಅಪರೂಪದ ಪದ ಯಾಕೆ ಬೇಕು? ಓದಿದವನಿಗೆ ತಕ್ಷಣ ಅನುಮಾನ ಬರುತ್ತದೆ. ಅಪರೂಪದ ಪದದ ಅರ್ಥ ಸಣ್ಣದಾಗಿರಬೇಕು, ಚೂಪಾಗಿರಬೇಕು. ತಿನ್ನುವವರು ಒಂದು ತುತ್ತು ಕೊಡಲಿ ಎಂದು ಅವರನ್ನೇ ನೋಡುತ್ತ ನಿಲ್ಲುವುದಕ್ಕೆ ಗ್ರೋಕ್ ಅನ್ನುವ ಪದವಿದೆ. ಅದನ್ನು ಮೊದಲು ಹೇಳಿದವನು ಎಲ್ಲೋ ನಿಂತು ಯಾವುದೋ ನಾಯಿಯನ್ನು ಚೆನ್ನಾಗಿ ನೋಡಿರಬೇಕು.

ನಾನು ಇವನನ್ನು ನೋಡಿಯೇ ಇಲ್ಲ, ಬರೀ ಬೈದಿದ್ದೇನೆ. ನಾಳೆಯಿಂದ ನೋಡುತ್ತೇನೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದೇ ತೆಗೆಯುತ್ತೇನೆ.

ಜನವರಿ ೨೫, ಗುರುವಾರ

ಒಳ್ಳೆಯ ಬೇಟೆ.

ರಿಸಿಲ್ಯಾಗ್: ಉಳಿದವರೆಲ್ಲ ನಕ್ಕು ಮುಗಿಸುವ ಹೊತ್ತಿಗೆ ನಗಲು ಶುರುಮಾಡುವುದು. ಇವತ್ತು ಬೈಂಡಿಂಗ್ ಮೇಸ್ತ್ರಿ ಏನೋ ತಮಾಷೆ ಹೇಳಿದ. ನಾಮಫಲಕನ ನಗು ತಡವಾದ ಬಸ್ಸಿನ ಹಾಗೆ ಬಂತು, ಆಗ ನಿಲ್ದಾಣದಲ್ಲಿ ಯಾರೂ ಇರಲಿಲ್ಲ.

ಬಿಸ್‌ಡಿಕ್ಟ್: ಯಾರೂ ಕೇಳದಿದ್ದರೂ ಒಂದೇ ಮಾತನ್ನು ಎರಡು ಸಲ ಹೇಳುವುದು.

ಇನ್ನೂ ಒಂದಿದೆ, ಇದಕ್ಕೆ ಪದ ಕಟ್ಟಬೇಕು: ಫೋನ್ ಗಂಟೆ ಬಾರಿಸಿದಾಗ ಎತ್ತುವ ಮೊದಲು ಕಣ್ಣು ಮುಚ್ಚಿಕೊಳ್ಳುವುದು. ಮಧ್ಯಾಹ್ನ ಅವನ ಕೋಣೆಯ ಗಾಜಿನ ಕಿಟಕಿಯಿಂದ ಕಂಡದ್ದು. ಯಜಮಾನರ ಫೋನಿಗೆ ಹಾಗೆ ಮಾಡುವುದಿಲ್ಲ. ಯಾವುದೋ ಒಂದೇ ಫೋನಿಗೆ ಮಾಡುತ್ತಾನೆ. ಸಾಲ ಕೊಟ್ಟವರಿರಬೇಕು.

ಜನವರಿ ೩೦, ಮಂಗಳವಾರ

ತೋರಿಸಲಿಕ್ಕೆ ಮಾಡಿದ ಒಂದೇ ಒಂದು ಉರುಲನ್ನು ತೋರಿಸಿದೆ. ಸತ್ತ ಪದ, ಸಪ್ಪೆ ಅರ್ಥ, ಒಂದು ಬಗೆಯ ಕುದುರೆ ಲಾಳ. “ಚೆನ್ನಾಗಿದೆ, ಚೆನ್ನಾಗಿದೆ” ಅಂದು ಸಹಿ ಹಾಕಿದ. ಅದೇ ಕಟ್ಟಿನಲ್ಲಿದ್ದ ಬೇರೆ ಏಳು ಚೀಟಿಗಳಿಗೂ ಸಹಿ ಹಾಕಿದ. ಓದುವಾಗ ಅವನ ಮುಖವನ್ನೇ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ಲಾರಿಕ್ಲೆಪ್ಟ್ ಚೀಟಿಯನ್ನು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ, ಆಮೇಲೆ ಅದಕ್ಕೂ ಸಹಿ ಹಾಕಿದ. ಪೆನ್ನಿನಲ್ಲಿ ಶಾಯಿ ಬರುತ್ತಿರಲಿಲ್ಲವೋ ಏನೋ.

ಫೆಬ್ರವರಿ ೧, ಗುರುವಾರ

ಅತ್ತೆಯ ಮಂಡಿನೋವಿನ ಮುಲಾಮು ನಮ್ಮ ಬೀದಿಯಲ್ಲಿ ಸಿಗಲಿಲ್ಲವೆಂದು ಸಂಜೆ ಎರಡು ಬೀದಿ ಆಚೆಯ ಔಷಧಿ ಅಂಗಡಿಗೆ ಹೋದೆ. ಅಂಗಡಿಯ ಪಕ್ಕದ್ದೇ ನಾಮಫಲಕನ ಮನೆ. ಗೇಟಿನ ಮುಂದೆ ಅವನ ಕಾರು ನಿಂತಿತ್ತು, ಒಳಗೆ ಅವನಿದ್ದ. ನಾನು ಮುಲಾಮು ತೆಗೆದುಕೊಂಡೆ, ಚಿಲ್ಲರೆಗೆ ಕಾದೆ, ಅಂಗಡಿಯವನ ಜೊತೆ ಅವನ ತೂಕದ ಮಿಷನ್ನಿನ ವಿಷಯಕ್ಕೆ ಜಗಳವಾಡಿದೆ, ಹೊರಗೆ ಬಂದೆ. ಅವನು ಇನ್ನೂ ಅಲ್ಲೇ ಕೂತಿದ್ದ. ಎರಡು ಕೈಯೂ ಸ್ಟೀರಿಂಗ್ ಮೇಲೆ, ಇಂಜಿನ್ ಆಫ್. ಮನೆಯೊಳಗೆ ದೀಪ ಹತ್ತಿತ್ತು.

ಹೆಂಡತಿಯ ಭಯ! ಕಚೇರಿಯಲ್ಲಿ ಹಿತ್ತಾಳೆ, ಮನೆಯಲ್ಲಿ ತಗಡು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಬಂದೆ. ಬಾಗಿಲು ಅನ್ನುವ ಲ್ಯಾಟಿನ್ ಪದವನ್ನೂ ತಡ ಅನ್ನುವ ಲ್ಯಾಟಿನ್ ಪದವನ್ನೂ ಸೇರಿಸಿ ಹೊಲಿದೆ. ಪೋರ್ಟಿಮೊರಿ, ನಾಮಪದ: ಸ್ವಂತ ಮನೆಯ ಮುಂದೆ ಬಂದು ನಿಂತ ಮೇಲೂ ಒಳಗೆ ಹೋಗಲು ಧೈರ್ಯ ಸಾಲದೆ ಹೊರಗೇ ಕಳೆಯುವ ಹೊತ್ತು. ಹನ್ನೆರಡರಲ್ಲಿ ಇದೇ ರಾಣಿ.

ಫೆಬ್ರವರಿ ೨, ಶುಕ್ರವಾರ

ಮುಲಾಮಿನ ಅಗತ್ಯವಿರಲಿಲ್ಲ. ಆದರೂ ಹೋದೆ. ಕೂತಿದ್ದ.

ಫೆಬ್ರವರಿ ೬, ಮಂಗಳವಾರ

ಅವನು ಕಚೇರಿಗೆ ಬರಲಿಲ್ಲ. ಕರಡಿನ ಹಾಳೆಗಳಿಗೆ ಇವತ್ತೇ ಸಹಿ ಬೇಕಾಗಿತ್ತು. ಮನೆಗೆ ತಂದುಕೊಡಲು ಆಗುತ್ತದೆಯೇ ಎಂದು ಫೋನ್ ಮಾಡಿದ. ಹೆಂಡತಿಯನ್ನು ಕಣ್ಣಾರೆ ನೋಡೋಣ ಎಂದು ಖುಷಿಯಾಗಿಯೇ ಹೋದೆ.

ಹೆಂಡತಿ ಇಲ್ಲ, ಮದುವೆಯೇ ಆಗಿಲ್ಲವಂತೆ. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿ ನನಗೆ ಅದು ಗೊತ್ತಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಾಯಿ ಕೂತಿದ್ದರು. ಶುಭ್ರವಾದ ಬಟ್ಟೆ, ಬಾಚಿದ ತಲೆ. ನನ್ನ ಚೀಲದ ಮೇಲಿದ್ದ ಬಟ್ಟೆ ಅಂಗಡಿಯ ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಔಷಧಿ ಡಬ್ಬಿಯ ಮೇಲಿನದನ್ನು, ಆಮೇಲೆ ಗೋಡೆಯ ಕ್ಯಾಲೆಂಡರನ್ನು. ಅವನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಡುಗೆಮನೆಯಿಂದ ಬಂದ.

“ನೋಡಮ್ಮ,” ತಾಯಿ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದರು. “ಈ ಮೀಟರ್ ನೋಡೋನು ಬಂದು ಎಷ್ಟೊತ್ತಾಯ್ತು, ಹೋಗೇ ಇಲ್ಲ. ನನಗೆ ಹೇಳೋಕೆ ಸಂಕೋಚ. ನೀನಾದ್ರೂ ಹೇಳು.”

“ಇನ್ನೇನು ಮುಗೀತು ತಾಯಿ, ಹೊರಡ್ತೀನಿ,” ಅಂದ. ತಾಯಿ “ಏನು?” ಅಂದರು. “ಮುಗೀತು, ಹೊರಡ್ತೀನಿ,” ಎಂದು ಮತ್ತೆ ಹೇಳಿದ. ಆ ಮನೆಯಲ್ಲಿ ಪ್ರತಿಯೊಂದನ್ನೂ ಎರಡು ಸಲ ಹೇಳಬೇಕು. ಬಿಸ್‌ಡಿಕ್ಟ್ ಚೀಟಿಯಲ್ಲಿ ‘ಯಾರೂ ಕೇಳದಿದ್ದರೂ’ ಅನ್ನುವುದನ್ನು ಸರಿಪಡಿಸಬೇಕು.

ಹಗಲು ನೋಡಿಕೊಳ್ಳುವ ಹೆಂಗಸು ಇವತ್ತು ಬಂದಿರಲಿಲ್ಲ. ಅವಳು ಫೋನ್ ಮಾಡಿದಳೆಂದರೆ ತಾಯಿ ಬಿದ್ದಿದ್ದಾರೆ, ಇಲ್ಲವೇ ಎಲ್ಲೋ ಹೋಗಿದ್ದಾರೆ ಎಂದೇ ಅರ್ಥವಂತೆ. ಸಹಿಯಾದ ಮೇಲೆ ಗೇಟಿನವರೆಗೂ ಬಂದು, ನಾನು ಕೇಳದಿದ್ದರೂ ಹೇಳಿದ.

“ಸಂಜೆ ಬಾಗಿಲು ತೆಗೆದಾಗ ನಾನು ಯಾರು ಅಂತ ನನಗೆ ಗೊತ್ತಿರಲ್ಲ ಮೇಡಂ. ಒಂದು ದಿನ ಮೀಟರ್‌ನೋನು, ಒಂದು ದಿನ ಅವರ ಅಣ್ಣ, ಒಂದು ದಿನ ಕಳ್ಳ. ಕಳ್ಳ ಆದ ದಿನ ಕಷ್ಟ. ಮುಖ ಗುರುತು ಸಿಗಲ್ಲ. ಅಚ್ಚಾದ ಅಕ್ಷರ ಮಾತ್ರ ಇನ್ನೂ ಬಿಟ್ಟಿಲ್ಲ. ಅದಕ್ಕೇ, ಪುಸ್ತಕದ ಮೇಲೆ ನನ್ನ ಹೆಸರು ಒಂದೇ ಇದ್ರೆ, ಓದಿದಾಗ ಒಂದು ವೇಳೆ...”

ನಾನು ಆಯಿತು ಅಂದೆ.

ಫೆಬ್ರವರಿ ೭, ಬುಧವಾರ

ಇಲ್ಲ. ಇಡೀ ದಿನ ಯೋಚಿಸಿದೆ, ಸಿಟ್ಟು ಕಡಿಮೆಯಾಗಿಲ್ಲ, ಜಾಸ್ತಿಯಾಗಿದ್ದರೆ ಆಗಿದೆ. ಕಾರಣವಿದ್ದರೆ ಕಳವು ಕಳವಲ್ಲವೇ? ತಾಯಿಗೆ ಅವನ ಹೆಸರು ಬೇಕು ಸರಿ, ಅದಕ್ಕೆ ನನ್ನದನ್ನು ಒರೆಸಬೇಕೇ? ಅಷ್ಟು ದೊಡ್ಡ ಪುಟದಲ್ಲಿ ಇನ್ನೊಂದು ಸಾಲಿಗೆ ಜಾಗವಿರಲಿಲ್ಲವೇ? ನನ್ನ ಹತ್ತಿರ ಬಂದು “ಅಕ್ಕಾ, ಹೀಗಿದೆ ಕಥೆ” ಅಂದಿದ್ದರೆ ನಾನೇ... ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆದರೆ ಅವನು ಕೇಳಲಿಲ್ಲ. ಗುಂಡುಪಿನ್ನು ನೋಡುತ್ತ ಕೂತಿದ್ದ.

ಪೋರ್ಟಿಮೊರಿ ಚೀಟಿಯನ್ನು ಮತ್ತೆ ತೆಗೆದು ನೋಡಿದೆ. ‘ಧೈರ್ಯ ಸಾಲದೆ’ ಅನ್ನುವುದನ್ನು ಹೊಡೆದು, ‘ಒಳಗಿರುವವರಿಗೆ ತಾನು ಇವತ್ತು ಯಾರೆಂದು ತಿಳಿಯದೆ’ ಎಂದು ಬರೆದೆ. ಇದು ಕರುಣೆಯಲ್ಲ. ಅರ್ಥ ಸರಿಯಾಗಿರಬೇಕು, ಅಷ್ಟೇ. ಚೀಟಿಯನ್ನು ಪೆಟ್ಟಿಗೆಗೆ ಸೇರಿಸಿದೆ. ಹನ್ನೆರಡೂ ಮುಗಿದವು.

ಫೆಬ್ರವರಿ ೧೨, ಸೋಮವಾರ

ಕೊನೆಯ ಪೆಟ್ಟಿಗೆ ಓದಿ ಮುಗಿಸಿ ನಾಮಫಲಕ ನನ್ನನ್ನು ಕರೆದರು. ಕೈಯಲ್ಲಿ ಪೋರ್ಟಿಮೊರಿ ಚೀಟಿ ಇತ್ತು.

“ಈ ಪದ ನಿಮಗೆ ಎಲ್ಲಿ ಸಿಕ್ತು?”

“ಹಳೇ ಪತ್ರಗಳ ಸಂಗ್ರಹ ಒಂದರಲ್ಲಿ.”

“ಅಂದ್ರೆ ಬೇರೆಯವರಿಗೂ ಹೀಗಾಗುತ್ತೆ.” ಚೀಟಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. “ನಾನೊಬ್ಬನೇ ಹೀಗೆ ಅಂದ್ಕೊಂಡಿದ್ದೆ. ಮಗನಾಗಿ ಸ್ವಂತ ಮನೆ ಮುಂದೆ ಕಳ್ಳನ ಥರ ಕೂತ್ಕೊಳ್ಳೋದು. ಆದ್ರೆ ಪದ ಇದೆ ಅಂದ್ರೆ ಎಷ್ಟು ಜನ ಹೀಗೆ ಕೂತಿರ್ಬೇಕು. ಜನ ಇಲ್ದೆ ಪದ ಹುಟ್ಟಲ್ಲ. ನೀವೇ ಕಲಿಸಿದ್ದು.”

ಹೌದು, ನಾನೇ ಕಲಿಸಿದ್ದು.

“ಇದನ್ನ ಪುಸ್ತಕದ ಹಿಂಬದಿಗೆ ಹಾಕ್ತೀನಿ. ದೊಡ್ಡ ಅಕ್ಷರದಲ್ಲಿ. ನಾಳೆ ಮುಖಪುಟ ಅಚ್ಚಿಗೆ ಹೋಗುತ್ತೆ.”

ಉರುಲು ತಾನಾಗಿಯೇ ಬಿಗಿದುಕೊಂಡಿದೆ. ಅದೂ ಪುಸ್ತಕದ ಬೆನ್ನ ಮೇಲೆ, ಇಡೀ ಊರಿಗೆ ಕಾಣುವ ಹಾಗೆ. ಇದಕ್ಕಿಂತ ಚೆನ್ನಾಗಿ ನಾನೇ ಕೂತು ಹೆಣೆದರೂ ಆಗುತ್ತಿರಲಿಲ್ಲ. ನಾನು ನನ್ನ ಮೇಜಿಗೆ ಬಂದು ಕೂತೆ. ಕುಣಿಯಬೇಕಿತ್ತು.

ಸಂಜೆ ಊಟ ಬೇಡವೆಂದೆ. ಅತ್ತೆ ಬಿಡಲಿಲ್ಲ, ಎಲ್ಲ ಹೇಳಿಸಿಕೊಂಡರು.

“ಹೇಳಿದ್ರೆ ಅವರ ಮಾನ ಉಳಿಯುತ್ತೆ, ಸಮಾಧಾನ ಹೋಗುತ್ತೆ,” ಅಂದೆ. “ಹೇಳ್ದಿದ್ರೆ ಸಮಾಧಾನ ಉಳಿಯುತ್ತೆ, ಮಾನ ಹೋಗುತ್ತೆ. ಇದರಲ್ಲಿ ನನ್ನ ಸೇಡು ಯಾವುದು ಅಂತಾನೇ ಗೊತ್ತಾಗ್ತಿಲ್ಲ ಅತ್ತೆ.”

“ನಿನ್ನ ಸೇಡು ನೀನು ಊಟ ಬಿಟ್ಟಿರೋದು,” ಅಂದರು. “ಅವನ ಮೇಲೆ ಇಟ್ಟ ಕೆಂಡ ಮೊದಲು ನಿನ್ನ ಕೈ ಸುಡ್ತಿದೆ. ಬಾ, ತಣ್ಣಗಾಗುತ್ತೆ.”

ತಿಂದೆ. ರುಚಿ ಗೊತ್ತಾಗಲಿಲ್ಲ.

ಫೆಬ್ರವರಿ ೧೩, ಮಂಗಳವಾರ

ಹೇಳಿದೆ. ಒಳ್ಳೆಯತನಕ್ಕಲ್ಲ. ಎದುರಿಗೆ ಕೂರಿಸಿಕೊಂಡು ಹೇಳುವ ಸುಖವನ್ನು ಪತ್ರಿಕೆಯವರಿಗೆ ಯಾಕೆ ಕೊಡಲಿ ಎಂದು.

“ಆ ಪದ ಇಲ್ಲ. ನಾನು ಹುಟ್ಟಿಸಿದ್ದು. ಹಿಂಬದಿಗೆ ಹಾಕಬೇಡಿ.”

ಅವರು ಚೀಟಿ ತೆಗೆದು ಮತ್ತೆ ಓದಿದರು. “ಹಾಗಾದ್ರೆ ಯಾರಿಗೂ ಆಗಿಲ್ಲ ಇದು.”

“ನಿಮಗೆ ಆಗಿದೆ. ನಾನು ನೋಡಿದೆ.”

ಅವರು ಎದ್ದು ಬಾಗಿಲು ಹಾಕಿ ಬಂದರು. “ಇನ್ನೂ ಇದಾವಾ?”

“ಇದಾವೆ. ಹನ್ನೊಂದರಲ್ಲಿ ಇದು ಒಂದು. ಎಲ್ಲದರಲ್ಲೂ ನೀವೇ.”

“ಓದಿ.”

ಪೆಟ್ಟಿಗೆಗಳಿಂದ ಒಂದೊಂದನ್ನೇ ಹೆಕ್ಕಿ ತಂದು ಓದಿದೆ. ಮೆತ್ತಗೆ ಓದಲಿಲ್ಲ. ಇಪ್ಪತ್ತು ವರ್ಷದ್ದೂ, ನಾಮಫಲಕ ಹೊಡೆದ ಆ ಒಂದು ಬೆಳಗಿನದ್ದೂ ದನಿಯಲ್ಲಿ ಬರಲಿ ಎಂದೇ ಓದಿದೆ. ಅವರು ಸಂಪಾದಕರ ಹಾಗೆಯೇ ಕೇಳಿದರು. ರಿಸಿಲ್ಯಾಗ್‌ಗೆ “ಸರಿ” ಅಂದರು. ಬಿಸ್‌ಡಿಕ್ಟ್‌ಗೆ ತಲೆಯಾಡಿಸಿದರು. ಒಂದು ಅರ್ಥಕ್ಕೆ, “ಇದು ತೀರಾ ಅಗಲ ಆಯ್ತು, ಇದರಲ್ಲಿ ಯಜಮಾನರೂ ಬರ್ತಾರೆ,” ಅಂದರು. ನಿಜ, ಬರುತ್ತಿದ್ದರು. ಸಿಟ್ಟಿನ ನಡುವೆಯೂ ನನಗೆ ನಗು ತಡೆಯಲಾಗಲಿಲ್ಲ, ಹಾಗಾಗಿ ಇನ್ನೂ ಸಿಟ್ಟು ಬಂತು.

ಕೊನೆಗೆ ಲಾರಿಕ್ಲೆಪ್ಟ್. ಇನ್ನೊಬ್ಬರ ದುಡಿಮೆಗೆ ನಾಚಿಕೆಯಿಲ್ಲದೆ ತನ್ನ ಹೆಸರು ಅಂಟಿಸಿಕೊಳ್ಳುವವನು.

“ಅವತ್ತೇ ಗೊತ್ತಾಯ್ತು ಇದು ನಾನು ಅಂತ,” ಅಂದರು. “ಆದ್ರೆ ಇಂಗ್ಲಿಷಿನಲ್ಲಿ ನಿಜವಾಗಿ ಇದೆ ಅಂದ್ಕೊಂಡು ಸಹಿ ಹಾಕಿದೆ.”

“ಸರಿಯಿದೆಯಾ ಅರ್ಥ?”

“‘ನಾಚಿಕೆಯಿಲ್ಲದೆ’ ಅನ್ನೋದು ತೆಗೀರಿ.”

“ಯಾಕೆ?”

“ಅದು ತಪ್ಪು ಅಕ್ಕಾ. ಉಳಿದದ್ದೆಲ್ಲ ಸರಿ.”

ಸುಳ್ಳು ಪದವೇ ಆದರೂ ತಪ್ಪು ಅರ್ಥವನ್ನು ಹಾಗೇ ಬಿಡುವುದು ನನಗೆ ಬರುವುದಿಲ್ಲ. ಪೆನ್ಸಿಲ್ ತೆಗೆದುಕೊಂಡು ಆ ಒಂದು ಪದವನ್ನು ಹೊಡೆದೆ. ಆಮೇಲೆ ಚೀಟಿಗಳನ್ನು ಹರಿದುಹಾಕಿದೆವು. ಕುದುರೆ ಲಾಳದ ಉರುಲನ್ನೂ ಹರಿದರು, ಪೋರ್ಟಿಮೊರಿಯನ್ನು ಮಾತ್ರ ಬಿಡಲಿಲ್ಲ. ಪದ್ಧತಿ ಪ್ರಕಾರ ಒಂದು ಸುಳ್ಳಿಗೆ ಅವಕಾಶವಿದೆ, ಇದೇ ಇರಲಿ ಅಂದರು. ಇರಲಿ ಅಂದೆ. ಇದು ಕ್ಷಮೆಯಲ್ಲ ಎಂದೂ ಹೇಳಿ ಬಂದೆ.

ಫೆಬ್ರವರಿ ೨೦, ಮಂಗಳವಾರ

ಶೀರ್ಷಿಕೆ ಪುಟದ ಹೊಸ ಕರಡು ಬಂತು. ಎರಡು ಹೆಸರುಗಳಿವೆ. ಯಜಮಾನರಿಗೆ ಏನು ಹೇಳಿ ಒಪ್ಪಿಸಿದರೋ ಗೊತ್ತಿಲ್ಲ, ಆ ಕಡೆಯಿಂದ ಅರ್ಧ ಗಂಟೆ ಕೂಗಾಟ ಕೇಳಿಸಿತು. ಅವರ ಹೆಸರು ಮೇಲೆ, ನನ್ನದು ಕೆಳಗೆ.

ಅಕಾರಾದಿಯಲ್ಲಿ ನನ್ನದು ಮೊದಲು ಬರಬೇಕು. ಕೋಶದ ಕೆಲಸದವರು ಅಕಾರಾದಿ ತಪ್ಪಬಾರದು. ಅದಲುಬದಲು ಗುರುತು ಹಾಕಿ ವಾಪಸ್ಸು ಕಳಿಸಿದೆ. ಸಂಜೆ, ತಿದ್ದಿದ ಪುಟ ಸಹಿಯಾಗಿ ಬಂತು.

ಗೆದ್ದೆ. ಅತ್ತೆಗೆ ಹೇಳಿದೆ. “ಸರಿ, ಈಗ ಮುಲಾಮು ಹಚ್ಚು,” ಅಂದರು.

ಮಾರ್ಚ್ ೧೮, ಸೋಮವಾರ

ಶನಿವಾರ ಪುಸ್ತಕ ಬಂತು. ದಪ್ಪಗಿದೆ, ವಾಸನೆ ಚೆನ್ನಾಗಿದೆ. ನನ್ನ ಹೆಸರನ್ನು ಎಷ್ಟು ಸಲ ನೋಡಿದೆನೋ ಬರೆಯುವುದಿಲ್ಲ.

ಇವತ್ತು ಬೆಳಿಗ್ಗೆ ಅವರು ತಮ್ಮ ಕೋಣೆಗೆ ಹೋಗುವ ಮೊದಲು ನನ್ನ ಮೇಜಿನ ಹತ್ತಿರ ನಿಂತರು.

“ನಿನ್ನೆ ಅಮ್ಮನ ಕೈಗೆ ಪುಸ್ತಕ ಕೊಟ್ಟೆ.”

ನಾನು ಚೀಟಿ ಕೆಳಗಿಟ್ಟೆ.

“ಮೊದಲು ನಿಮ್ಮ ಹೆಸರು ಓದಿದ್ರು. ಆಮೇಲೆ ನಂದು. ಗಟ್ಟಿಯಾಗಿ, ಒಂದಕ್ಷರ ತಪ್ಪಿಲ್ಲ.”

“ಆಮೇಲೆ?”

“ಇನ್ನೊಂದು ಸಲ ನಂದನ್ನ ಓದಿದ್ರು. ‘ಈ ಎರಡನೇದು ಒಳ್ಳೇ ಹೆಸರು’ ಅಂದ್ರು. ‘ಯಾರಿಟ್ಟಿದ್ದು?’ ಅಂತ ನನ್ನನ್ನೇ ಕೇಳಿದ್ರು.”

“ನೀವೇನಂದ್ರಿ?”

“‘ನೀನೇ ಇಟ್ಟಿದ್ದು ಅಮ್ಮ’ ಅಂದೆ. ‘ನಾನಾ?’ ಅಂತ ನಕ್ಕರು. ತುಂಬಾ ಖುಷಿಯಾಯ್ತು ಅವರಿಗೆ.”

ಅಷ್ಟು ಹೇಳಿ ಕೋಣೆಗೆ ಹೋದರು. ಮುಂದಿನ ಪುಸ್ತಕಕ್ಕೆ ಬರೆಯುತ್ತಿದ್ದ ಚೀಟಿಯನ್ನು ನಾನು ಮತ್ತೆ ಕೈಗೆತ್ತಿಕೊಂಡೆ. ನನ್ನದೇ ಅಕ್ಷರ, ಆದರೂ ಬಹಳ ಹೊತ್ತು ಓದಲಾಗಲಿಲ್ಲ.